ಬಾದಾಮಿಯಲ್ಲಿ ನಾಲ್ಕು ಸಣ್ಣ ನಡಿಗೆಗಳು

ನಮ್ಮ ಕಡೆಯ ಯಾವ ಪ್ರವಾಸವನ್ನು ನೋಡಿದರೂ ಗುಡ್ಡದ ಬುಡದಲ್ಲಿ ಒಂದು ಸಣ್ಣ ಗುಂಪು ಕುಳಿತಿರುತ್ತದೆ. ಚೀಲಗಳು, ಬುತ್ತಿಯ ಗಂಟು, ನೀರಿನ ಬಾಟಲಿಗಳು, ನಿದ್ದೆಹೋದ ಕೂಸು, ಇವೆಲ್ಲದರ ನಡುವೆ ನಮ್ಮ ವಯಸ್ಸಿನ ಹೆಣ್ಣುಮಕ್ಕಳು. ‘ನೀವು ಹೋಗಿ ಬರ್ರಿ, ನಾವು ಇಲ್ಲೇ ಕುಂತಿರ್ತೀವಿ’ ಎನ್ನುವ ಮಾತನ್ನು ಶಾಲೆಯ ಪ್ರವಾಸಗಳಲ್ಲಿ, ಮನೆಮಂದಿಯ ಪ್ರವಾಸಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡಸರು, ಮಕ್ಕಳು ಮೇಲೆ ಹೋಗಿ ಇತಿಹಾಸ ನೋಡಿ ಬರುತ್ತಾರೆ. ಹೆಂಗಸರು ಕೆಳಗೆ ಕುಳಿತು ಚೀಲ ಕಾಯುತ್ತಾರೆ. ಆಮೇಲೆ ಯಾರಾದರೂ ಕೇಳಿದರೆ, ‘ಬಾದಾಮಿ ನೋಡೀವ್ರೀ’ ಎಂದು ಅವರೂ ಹೇಳುತ್ತಾರೆ.

ಮೊಣಕಾಲು ನೋವು ಸುಳ್ಳಲ್ಲ. ಐವತ್ತು ದಾಟಿದ ನನಗೂ ಅದರ ಪರಿಚಯವಿದೆ. ಆದರೆ ಇದೇ ಹೆಣ್ಣುಮಕ್ಕಳು ಪುಷ್ಯ ಮಾಸದ ಬನಶಂಕರಿ ಜಾತ್ರೆ ಬಂತೆಂದರೆ ಸುತ್ತಲ ಹಳ್ಳಿಗಳಿಂದ ಬರಿಗಾಲಲ್ಲಿ ನಡೆದು ಬರುತ್ತಾರೆ. ದೇವಿಗಾಗಿ ಹರದಾರಿ ನಡೆಯುವ ಕಾಲು ನಾಲ್ಕು ಮೆಟ್ಟಿಲಿಗೆ ಸೋಲುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ಕಾಲಿನ ಕೊರತೆಗಿಂತ ನಡಿಗೆಯನ್ನು ಆರಿಸುವ ಕೊರತೆ ಇಲ್ಲಿ ದೊಡ್ಡದು. ಎಷ್ಟು ದೂರ, ಯಾವ ಹೊತ್ತು, ಎಲ್ಲಿ ನೆರಳು, ಕೊನೆಗೆ ಕಾಣುವುದೇನು ಎಂಬುದನ್ನು ಯಾರೂ ನಮಗೆ ಮುಂಚೆ ಹೇಳುವುದಿಲ್ಲ. ಬಸ್ಸು ನಿಲ್ಲುತ್ತದೆ, ‘ಎರಡು ತಾಸಿನೊಳಗೆ ಎಲ್ಲ ಮುಗಿಸಿರಿ’ ಎಂಬ ಅಪ್ಪಣೆಯಾಗುತ್ತದೆ. ಆ ಓಟಕ್ಕೆ ಹೆದರಿ ನಾವು ಕುಳಿತುಬಿಡುತ್ತೇವೆ.

ಅಮೆರಿಕದ ಅರಿಜೋನಾದಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ಊರಿಗೆ ಬಂದಾಗ ಅಲ್ಲಿಯ ಗ್ರ್ಯಾಂಡ್ ಕ್ಯಾನ್ಯನ್ನಿನ ಮಾತು ತೆಗೆದಳು. ಕೊಲರಾಡೋ ನದಿ ಸುಮಾರು ಒಂದು ಮೈಲಿ ಆಳಕ್ಕೆ ಕೊರೆದ ಕಲ್ಲಿನ ಕಣಿವೆ ಅದು. 1919ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಒಂದೇ ದಿನದಲ್ಲಿ ನದಿಯವರೆಗೆ ಇಳಿದು ಮರಳಿ ಹತ್ತುವ ಸಾಹಸ ಮಾಡಬೇಡಿ ಎಂದು ಅಲ್ಲಿಯವರು ಎಚ್ಚರಿಸುತ್ತಾರೆ. ಬೇಸಿಗೆಯಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣಿವೆಯಲ್ಲಿ ನಡೆಯಬೇಡಿ ಎನ್ನುತ್ತಾರೆ. ಒಂದು ಮೈಲಿಯೂ ಇಳಿಯದ ಮೊದಲೇ ‘ಊ-ಆ ಪಾಯಿಂಟ್’ ಎಂಬ ಜಾಗವಿದೆಯಂತೆ. ಅಲ್ಲಿಗೆ ಬಂದವರ ಬಾಯಿಂದ ಹೊರಡುವ ಉದ್ಗಾರವೇ ಅದರ ಹೆಸರು. ಬಹಳ ಮಂದಿ ಅಷ್ಟು ನೋಡಿ ಸಮಾಧಾನದಿಂದ ಮೇಲೆ ಬರುತ್ತಾರೆ. ಅರ್ಧಕ್ಕೆ ತಿರುಗಿದರು ಎಂದು ಅವರನ್ನು ಯಾರೂ ಹೀಯಾಳಿಸುವುದಿಲ್ಲ.

ಅವಳ ಮಾತು ಕೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಬಾದಾಮಿ. ಅದೂ ಕಲ್ಲಿನ ಕಣಿವೆಯೇ. ನಮ್ಮದು ಮರುಭೂಮಿಯಲ್ಲ, ಆದರೆ ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಸೀಮೆ. ಎರಡು ಕಡೆ ಕೆಂಪು ಮರಳುಗಲ್ಲಿನ ಗುಡ್ಡ, ನಡುವೆ ಅಗಸ್ತ್ಯತೀರ್ಥದ ಕೆರೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿ ಪದರ ಪದರವಾಗಿ ಕೂತ ಮರಳೇ ಇಲ್ಲಿ ಕಲ್ಲಾಗಿದೆ. ಕೆಲವು ಬಂಡೆಗಳ ಮೇಲೆ ನೀರಿನ ಅಲೆಗಳ ಗುರುತು ಇನ್ನೂ ಕಾಣುತ್ತದೆ. ಅಮೆರಿಕದ ಆ ಕಣಿವೆಗೂ ಬಾದಾಮಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಅಲ್ಲಿ ಮೊದಲು ಇಳಿತ, ದಣಿದ ಮೇಲೆ ಏರು. ಇಲ್ಲಿ ಮೊದಲು ಏರು, ದಣಿದ ಮೇಲೆ ಇಳಿತ. ಸಾಕೆನಿಸಿದ ಮೆಟ್ಟಿಲಿನಿಂದಲೇ ಹಿಂದಿರುಗಬಹುದು. ನಮ್ಮಂಥವರಿಗೆ ಇದಕ್ಕಿಂತ ಅನುಕೂಲದ ಕಣಿವೆ ಬೇಕೇ?

ಮುಳಗುಂದದಿಂದ ಗದಗಕ್ಕೆ ಬಂದರೆ ಬಾದಾಮಿಗೆ ರೈಲೂ ಉಂಟು, ಬಸ್ಸೂ ಉಂಟು. ರೈಲು ನಿಲ್ದಾಣ ಊರಿನಿಂದ ಸ್ವಲ್ಪ ದೂರ. ಹೋಗುವುದಾದರೆ ಕಾರ್ತೀಕದಿಂದ ಮಾಘದವರೆಗಿನ ತಂಪಿನ ದಿನಗಳಲ್ಲಿ ಹೋಗಬೇಕು. ಕೆಳಗೆ ಬರೆದ ನಾಲ್ಕೂ ನಡಿಗೆಗಳನ್ನು ಒಂದೇ ದಿನ ಮಾಡಬೇಕೆಂಬ ಹಟ ಬೇಡ. ನಾವು ಓಣಿಯ ಆರು ಮಂದಿ ಹೆಣ್ಣುಮಕ್ಕಳು ಎರಡು ದಿನ ಇಟ್ಟುಕೊಂಡು ಹೋಗಿದ್ದೆವು.

ಮೊದಲನೆಯದು ಕೆರೆಯ ದಂಡೆಯ ನಡಿಗೆ. ಇದರಲ್ಲಿ ಏರಿಲ್ಲ. ಊರೊಳಗಿನ ಜಂಬುಲಿಂಗ ಗುಡಿಯಿಂದ ಹೊರಟು, ವಸ್ತುಸಂಗ್ರಹಾಲಯದ ಮುಂದೆ ಹಾದು, ಕೆರೆಯ ಮೂಡಣ ತುದಿಯ ಭೂತನಾಥ ಗುಡಿಗಳವರೆಗೆ ನಡೆಯುವುದು. ಮಾರ್ಕೆಟ್ಟಿನ ಗದ್ದಲದೊಳಗೆ ಜಂಬುಲಿಂಗ ಗುಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ 699ರಲ್ಲಿ ಅಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠೆ ಮಾಡಿಸಿದವಳು ಒಬ್ಬ ಹೆಣ್ಣುಮಗಳು. ಚಾಲುಕ್ಯ ದೊರೆ ವಿಜಯಾದಿತ್ಯನ ತಾಯಿ ವಿನಯವತಿ. ಅಷ್ಟುಹೊತ್ತಿಗೆ ಅವಳ ಗಂಡ ವಿನಯಾದಿತ್ಯ ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡ ಹೋದ ಮೇಲೆ ಹೆಣ್ಣಿನ ಬಾಳು ಮೂಲೆ ಸೇರಿತು ಎಂದು ನಂಬಿದ ನಮ್ಮ ಮನೆಗಳಿಗೆ ಈ ಗುಡಿಯೊಂದು ಪಾಠ.

ಕೆರೆಯ ಮೆಟ್ಟಿಲಿನಲ್ಲಿ ಬಟ್ಟೆ ಒಗೆಯುವ ಹೆಂಗಸರು ಕಾಣುತ್ತಾರೆ. ಕೂಸಿಗೆ ಉಂಡದ್ದು ಅರಗಲೆಂದು ಹೊಟ್ಟೆ ಸವರುತ್ತ ನಮ್ಮ ಅಜ್ಜಿಯಂದಿರು ವಾತಾಪಿಯ ಹೆಸರು ಹೇಳುತ್ತಿದ್ದರಲ್ಲ, ಆ ರಾಕ್ಷಸನನ್ನು ಅಗಸ್ತ್ಯರು ಅರಗಿಸಿಕೊಂಡ ಕಥೆ ಅಂಟಿಕೊಂಡಿರುವುದು ಈ ಊರಿಗೇ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಹೊತ್ತಿನದು. ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ತ್ರಿಪದಿ, ಕಲ್ಲಿನ ಮೇಲೆ ಮೊದಲು ಬರೆದು ಸಿಕ್ಕಿರುವುದು ಇಲ್ಲಿ.

ಎರಡನೆಯದು ಮೇಣಬಸದಿಗಳ ಮೆಟ್ಟಿಲು, ಅಂದರೆ ಗುಹಾಲಯಗಳ ದಾರಿ. ಇದನ್ನು ಒಂದೇ ಏರು ಎಂದುಕೊಂಡರೆ ಭಯವಾಗುತ್ತದೆ. ನಾಲ್ಕು ಸಣ್ಣ ಏರುಗಳೆಂದುಕೊಳ್ಳಿರಿ. ಪ್ರತಿ ಏರಿನ ಕೊನೆಗೆ ತಂಪಾದ ಕಲ್ಲಿನ ಪಡಸಾಲೆ ಕಾದಿರುತ್ತದೆ. ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜ, ಎರಡನೆಯದರಲ್ಲಿ ತ್ರಿವಿಕ್ರಮ ಮತ್ತು ವರಾಹ, ಮೂರನೆಯದು ಎಲ್ಲಕ್ಕಿಂತ ದೊಡ್ಡ ವಿಷ್ಣುಗುಹೆ, ನಾಲ್ಕನೆಯದು ಜೈನರದು. ಒಂದನ್ನು ನೋಡಿ ಇಳಿದರೂ ನಡೆದದ್ದು ವ್ಯರ್ಥವಲ್ಲ. ಆದರೆ ಸಾಧ್ಯವಿದ್ದವರು ಮೂರನೆಯದಕ್ಕೆ ಹೋಗಲೇಬೇಕು. ಶಕ 500ರ ಕಾರ್ತೀಕ ಹುಣ್ಣಿಮೆಯಂದು, ಅಂದರೆ 578ರಲ್ಲಿ, ಮಂಗಳೇಶ ಈ ಗುಹೆಯನ್ನು ಪೂರೈಸಿದ. ಅಲ್ಲಿಯ ಕನ್ನಡ ಶಾಸನ ಗುಹೆಯನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ಕಲ್ಲಿನ ಮನೆ! ಈ ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ದತ್ತಿ ಬಿಟ್ಟು, ದೇವರಿಗೆ ಹೂಮಾಲೆ ಕಟ್ಟುವವರಿಗೂ ಒಂದು ಪಾಲು ಇಟ್ಟಿದ್ದಾರೆ.

ಮಂಗಗಳ ವಿಷಯ ಹೇಳಲೇಬೇಕು. ಕೈಯಲ್ಲಿ ಬಾಳೆಹಣ್ಣಾಗಲಿ, ಪ್ಲಾಸ್ಟಿಕ್ ಚೀಲವಾಗಲಿ ಕಂಡರೆ ಅವು ಬಿಡುವುದಿಲ್ಲ. ಬುತ್ತಿಯನ್ನು ತಂಗಿದ ಕೋಣೆಯಲ್ಲೇ ಇಡಿ. ಚೀಲ ಇಲ್ಲದಿದ್ದರೆ ಚೀಲ ಕಾಯುವವರೂ ಬೇಕಾಗುವುದಿಲ್ಲ.

ಮೂರನೆಯದು ಉತ್ತರದ ಗುಡ್ಡ. ವಸ್ತುಸಂಗ್ರಹಾಲಯದ ಪಕ್ಕದಿಂದ ದಾರಿ ಹೊರಡುತ್ತದೆ. ಹತ್ತೇ ನಿಮಿಷದಲ್ಲಿ ಎರಡು ದೊಡ್ಡ ಬಂಡೆಗಳ ನಡುವಿನ ಸೀಳಿನೊಳಗೆ ನಾವಿರುತ್ತೇವೆ. ತಲೆಯ ಮೇಲೆ ಒಂದು ಪಟ್ಟಿಯಷ್ಟೇ ಆಕಾಶ. ಬಿಸಿಲಿನಲ್ಲಿ ಬಂದವರಿಗೆ ಆ ನೆರಳು ತವರುಮನೆಯಂತಿರುತ್ತದೆ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿದ್ದನ್ನು ಹೇಳುವ ಬಂಡೆಶಾಸನ ಇದೇ ಗುಡ್ಡದಲ್ಲಿದೆ. ಇಂಥ ಸೀಳುಗಳಿರುವಲ್ಲಿ ಗೋಡೆ ಕಟ್ಟುವ ಕೆಲಸ ಅರ್ಧ ಉಳಿಯಿತು ಎಂದು ಅಲ್ಲಿ ನಿಂತಾಗ ತಾನೇ ತಿಳಿಯುತ್ತದೆ. ಪುಸ್ತಕದಲ್ಲಿ ‘ಆಯಕಟ್ಟಿನ ಜಾಗ’ ಎಂದು ಎಷ್ಟು ಸಲ ಪಾಠ ಹೇಳಿದರೂ ಆ ತಿಳಿವು ಬರುವುದಿಲ್ಲ. ಆದರೂ 642ರಲ್ಲಿ ಪಲ್ಲವರ ನರಸಿಂಹವರ್ಮ ಈ ಊರನ್ನು ಗೆದ್ದ. ಗೆದ್ದವನೂ ಇಲ್ಲಿಯ ಬಂಡೆಯ ಮೇಲೆಯೇ ತನ್ನ ಶಾಸನ ಬರೆಸಿದ.

ಮೇಲಿನ ಶಿವಾಲಯದವರೆಗೆ ಹತ್ತಲಾರದವರು ಮಾಲೆಗಿತ್ತಿ ಶಿವಾಲಯಕ್ಕೆ ಹೋಗಬಹುದು. ಬೇರೆಯೇ ಬಂಡೆಯ ಮೇಲೆ ನಿಂತ, ಏಳನೆಯ ಶತಮಾನದ ಚಿಕ್ಕ ಗಟ್ಟಿ ಗುಡಿ. ಮಾಲೆಗಿತ್ತಿ ಎಂದರೆ ಮಾಲೆ ಕಟ್ಟುವವಳು. ಆ ಹೆಸರು ಹೇಗೆ ಬಂತೇ ಇರಲಿ, ಅರಸರ ರಾಜಧಾನಿಯಲ್ಲಿ ಹೂವಾಡಗಿತ್ತಿಯ ಹೆಸರು ಹೊತ್ತ ಗುಡಿ ಒಂದಿದೆ. ಮೂರನೆಯ ಗುಹೆಯಲ್ಲಿ ಮಾಲೆಗಾರರ ಪಾಲನ್ನು ಓದಿ ಬಂದವರಿಗೆ ಈ ಹೆಸರು ಕೇಳಿದರೆ ಸಂತೋಷವಾಗುತ್ತದೆ.

ನಾಲ್ಕನೆಯದು ಮಹಾಕೂಟ. ಬಾದಾಮಿಯಿಂದ ಗುಡ್ಡ ದಾಟಿ ಹೋಗುವ ಹಳೆಯ ಕಾಲುದಾರಿ ಇದೆ. ಅದು ಗಟ್ಟಿ ಕಾಲಿನವರಿಗೆ, ಅದೂ ಬೆಳಗಿನ ಹೊತ್ತು, ಗುಂಪಿನಲ್ಲಿ. ನಾವು ಟಂಟಂ ಗಾಡಿ ಮಾಡಿಕೊಂಡು ರಸ್ತೆಯಿಂದ ಹೋಗಿ, ಅಲ್ಲಿಂದ ಆ ಹಳೆಯ ದಾರಿಯ ಕೊನೆಯ ತುಣುಕನ್ನಷ್ಟೇ ಹತ್ತಿ ಇಳಿದೆವು. ಎಲುಬಿನ ಹಂದರದ ಎರಡು ಮೂರ್ತಿಗಳು ಕಾಯುವ ಹಳೆಯ ಬಾಗಿಲು ಅಲ್ಲಿದೆ. ಹಿಂದಿನ ಯಾತ್ರಿಕರು ಒಳಗೆ ಬರುತ್ತಿದ್ದುದು ಅದರ ಮೂಲಕ. ಒಳಗೆ ಮರಗಳ ನೆರಳು, ಬುಗ್ಗೆಯ ನೀರಿನ ವಿಷ್ಣು ಪುಷ್ಕರಿಣಿ.

ಇಲ್ಲಿದ್ದ ಮಂಗಳೇಶನ ಕಾಲದ ಕಂಬವೊಂದು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ದೇವರಿಗೆ ಹತ್ತು ಹಳ್ಳಿಗಳನ್ನು ಬಿಟ್ಟ ದಾನಕ್ಕೆ ಪುಲಕೇಶಿಯ ರಾಣಿ ದುರ್ಲಭದೇವಿಯ ಒಪ್ಪಿಗೆ ಇದ್ದುದನ್ನು ಅದು ಹೇಳುತ್ತದೆ. ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದ ಮೇಲಿನ ಇನ್ನೊಂದು ಶಾಸನ. ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮತ್ತು ಹೊಲ ಕೊಟ್ಟಳೆಂದು ಅದರಲ್ಲಿದೆ. ಅವಳು ಪಟ್ಟದ ರಾಣಿಯಲ್ಲ. ಶಾಸನ ಅವಳ ತಂದೆಯ ಹೆಸರು ಹೇಳುವುದಿಲ್ಲ. ರೇವಮಂಚಳ, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ ಎಂದು ಮೂರು ತಲೆಮಾರಿನ ತಾಯಂದಿರನ್ನೇ ಹೇಳುತ್ತದೆ.

ನಾನು ಇದನ್ನು ವಿವರಿಸಿದಾಗ ನಮ್ಮ ಜೊತೆ ಬಂದಿದ್ದ ಓಣಿಯ ದೊಡ್ಡವ್ವ ಕಂಬಕ್ಕೆ ಕೈ ಹಚ್ಚಿ ನಿಂತಳು. ನಾಲ್ಕನೆಯ ಇಯತ್ತೆ ಓದಿದವಳು, ಎಪ್ಪತ್ತರ ಹತ್ತಿರದ ಜೀವ. ಗುಹೆಗಳ ಮೆಟ್ಟಿಲಲ್ಲಿ ಎರಡನೆಯದರ ತನಕ ಬಂದು, ‘ನನಗಿಷ್ಟು ಸಾಕವಾ’ ಎಂದು ನಗುತ್ತ ಇಳಿದಿದ್ದಳು.

‘ಅಕ್ಕಾರ, ಈಕಿ ಅವ್ವನ ಹೆಸರು, ಆಯಿ ಹೆಸರು ಎರಡೂ ಬರದಾರೇನ್ರಿ?’

‘ಹೌದು ದೊಡ್ಡವ್ವ, ಎರಡೂ ಐತಿ.’

‘ನಮ್ಮವ್ವನ ಹೆಸರು ಗೊತ್ತೈತಿ. ನಮ್ಮವ್ವನ ಅವ್ವಗ ಎಲ್ಲಾರೂ ಆಯಿ ಅಂತಿದ್ವಿ. ಹೆಸರು ಏನಿತ್ತೋ, ನಾ ಕೇಳಲೇ ಇಲ್ಲ.’

ನಮ್ಮ ಆರು ಮಂದಿಯಲ್ಲಿ ತಾಯಿಯ ತಾಯಿಯ ಹೆಸರು ಹೇಳಬಲ್ಲವರು ಮೂವರು. ಅದಕ್ಕೂ ಹಿಂದಿನ ತಲೆಮಾರು ಯಾರಿಗೂ ಗೊತ್ತಿರಲಿಲ್ಲ. ತಂದೆಯ ಕಡೆಯ ಮುತ್ತಜ್ಜನ ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ, ಹೊಲದ ಉತಾರದಲ್ಲಿ ಇದೆಯಲ್ಲ! ಸಾವಿರದ ಮುನ್ನೂರು ವರ್ಷದ ಹಿಂದಿನ ಒಬ್ಬಳ ಅಜ್ಜಿಯ ಹೆಸರು ನಮಗೆ ಸಿಕ್ಕಿದೆ, ನಮ್ಮ ಅಜ್ಜಿಯ ಹೆಸರು ಸಿಕ್ಕಿಲ್ಲ.

ನಮ್ಮ ಮುಳಗುಂದವೇನೂ ಇತಿಹಾಸಕ್ಕೆ ಬಡ ಊರಲ್ಲ. 1047ರಲ್ಲಿ ಮಹಾಪುರಾಣ ಮುಗಿಸಿದ ಮಲ್ಲಿಷೇಣ, 1112ರಲ್ಲಿ ಧರ್ಮಾಮೃತ ಬರೆದ ನಯಸೇನ ಇಲ್ಲಿಯವರು. ಹತ್ತಿರದ ಲಕ್ಷ್ಮೇಶ್ವರದಲ್ಲಿ ಬಸದಿ ಕಟ್ಟಿಸಿದ ಕುಂಕುಮ ಮಹಾದೇವಿ ಇದೇ ವಿಜಯಾದಿತ್ಯನ ತಂಗಿ. 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ಎಲ್ಲರಿಗೂ ಗೊತ್ತು. ಇವೆಲ್ಲ ಒಂದು ಬುತ್ತಿಯ ದೂರದಲ್ಲಿವೆ. ಬಾದಾಮಿಗೆ ಹೋಗಲಾಗದವರು ಇಲ್ಲಿಂದಲೇ ಶುರು ಮಾಡಬಹುದು.

ಕೊನೆಗೆ ನಾಲ್ಕು ಮಾತು. ನಡಿಗೆಯನ್ನು ಆರಿಸುವಾಗ ದೂರವನ್ನು ಕೇಳುವ ಮೊದಲು ಮರಳುವ ದಾರಿಯನ್ನು ಕೇಳಿರಿ. ಬೆಳಗಿನ ಒಂಬತ್ತರೊಳಗೆ ಏರು ಮುಗಿಯುವಂತೆ ನೋಡಿಕೊಳ್ಳಿರಿ, ಮಧ್ಯಾಹ್ನದ ಕಲ್ಲು ಬೆಂಕಿಯಾಗಿರುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವಳನ್ನು ಮುಂದೆ ಬಿಡಿ, ಉಳಿದವರು ಅವಳ ಹಿಂದೆ ನಡೆಯಲಿ. ಮತ್ತು ಹೊರಡುವ ಮುನ್ನ ಮನೆಯಲ್ಲಿ ಹಿರಿಯರಿದ್ದರೆ, ಅವರ ತಾಯಿಯ ಹೆಸರು, ಅಜ್ಜಿಯ ಹೆಸರು ಕೇಳಿ ಒಂದು ಹಾಳೆಯ ಮೇಲೆ ಬರೆದಿಡಿ. ಅದಕ್ಕೆ ಗುಡ್ಡ ಹತ್ತಬೇಕಾಗಿಲ್ಲ, ಆದರೆ ತಡಮಾಡುವಂತಿಲ್ಲ.