ಸಂಚಾರ ದಂಡ: ಜಪ್ತಿ ಹಂತದ ತಕರಾರು (ಇಂಗ್ಲೆಂಡ್ ಮತ್ತು ವೇಲ್ಸ್)

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಾಹನ ನಿಲುಗಡೆ, ಬಸ್ ಪಥ, ದಟ್ಟಣೆ ಶುಲ್ಕ ಮೊದಲಾದ ವಿಷಯಗಳಲ್ಲಿ ಸ್ಥಳೀಯ ಆಡಳಿತ ವಿಧಿಸಿದ ದಂಡವನ್ನು ಕಟ್ಟದಿದ್ದರೆ ಅದು ಕೊನೆಗೆ ಬಾಕಿಗಾಗಿ ವಸ್ತು ಜಪ್ತಿ ಮಾಡುವ ಬೇಲಿಫರ ಕೈ ಸೇರುತ್ತದೆ. ಹಾಗೆ ಸೇರಿದ ಮೇಲೂ ತಕರಾರು ತೆಗೆಯಲು ಕಾನೂನಿನಲ್ಲಿ ಒಂದು ದಾರಿ ಉಳಿದಿದೆ. ಆದರೆ ಆ ಹಂತದಲ್ಲಿ ಗಾಡಿಯನ್ನು ಹಳದಿ ಗೆರೆಯ ಮೇಲೆ ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಮುಖ್ಯವಾಗಿ ಎರಡು: ದಂಡದ ಕಾಗದ ನಿಮ್ಮ ಕೈ ಸೇರಿತ್ತೇ? ಸೇರದಿದ್ದರೆ ಇಷ್ಟು ತಡವಾಗಿ ಹೇಳುತ್ತಿರುವುದೇಕೆ? ಇದನ್ನು ತಿಳಿಯದೆ, ದಂಡವೇ ಅನ್ಯಾಯವೆಂದು ಪುಟಗಟ್ಟಲೆ ಬರೆದು ಸೋತವರು ಬಹಳ.

ಹಿಂದೆ ನಿಲುಗಡೆಯ ತಪ್ಪು ಪೊಲೀಸರ ಮತ್ತು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ವಿಷಯವಾಗಿತ್ತು. 1991ರ ರಸ್ತೆ ಸಂಚಾರ ಕಾಯಿದೆ ಅದನ್ನು ಅಪರಾಧಗಳ ಪಟ್ಟಿಯಿಂದ ಹೊರತಂದು ಸ್ಥಳೀಯ ಆಡಳಿತಗಳಾದ ಕೌನ್ಸಿಲ್‌ಗಳ ಕೈಗೆ ಕೊಟ್ಟಿತು. ಮೊದಲು ಲಂಡನ್ನಿನ ಬರೋಗಳು, ಅನಂತರ ಉಳಿದ ಊರುಗಳು ಈ ಅಧಿಕಾರ ಪಡೆದವು. 2004ರ ಸಂಚಾರ ನಿರ್ವಹಣಾ ಕಾಯಿದೆ ಇಡೀ ವ್ಯವಸ್ಥೆಗೆ ಈಗಿನ ರೂಪ ಕೊಟ್ಟಿತು. 2022ರ ಮೇ ಕೊನೆಯಲ್ಲಿ ಜಾರಿಗೆ ಬಂದ ನಿಯಮಗಳು, ನಿಷೇಧಿತ ತಿರುವು ತೆಗೆದುಕೊಳ್ಳುವಂಥ ಚಲನೆಯ ತಪ್ಪುಗಳಿಗೂ ದಂಡ ಹಾಕುವ ದಾರಿಯನ್ನು ಲಂಡನ್ನಿನ ಹೊರಗಿನ ಇಂಗ್ಲಿಷ್ ಕೌನ್ಸಿಲ್‌ಗಳಿಗೆ ತೆರೆದವು. ಹೀಗಾಗಿ ಈ ದಂಡ ಕಟ್ಟದವನು ಅಪರಾಧಿಯಲ್ಲ, ಬಾಕಿದಾರ. ಜೈಲಿನ ಭಯವಿಲ್ಲ, ವಸ್ತು ಜಪ್ತಿಯಾಗುವ ಭಯವಿದೆ.

ದಂಡದ ಚೀಟಿಗೆ ಅಲ್ಲಿನವರು ಪಿಸಿಎನ್ ಎನ್ನುತ್ತಾರೆ. ಕಟ್ಟಲು 28 ದಿನ. 14 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಅರ್ಧ. ಕಟ್ಟದಿದ್ದರೆ ವಾಹನದ ಮಾಲೀಕರ ಹೆಸರಿಗೆ ನೋಟಿಸ್ ಹೋಗುತ್ತದೆ. ಕ್ಯಾಮೆರಾ ಹಿಡಿದ ತಪ್ಪಾದರೆ ಅಂಚೆಯಲ್ಲಿ ಬರುವ ಚೀಟಿಯೇ ಆ ನೋಟಿಸ್. ಇದಕ್ಕೆ 28 ದಿನದಲ್ಲಿ ಆಕ್ಷೇಪ ಸಲ್ಲಿಸಬಹುದು. ಕೌನ್ಸಿಲ್ ತಿರಸ್ಕರಿಸಿದರೆ ಸ್ವತಂತ್ರ ನ್ಯಾಯಮಂಡಳಿಗೆ ಉಚಿತವಾಗಿ ಮೇಲ್ಮನವಿ ಹಾಕಬಹುದು. ಮಾಸಿದ ಗೆರೆ, ಕಾಣದ ಫಲಕ, ಮಾರಿಬಿಟ್ಟ ಗಾಡಿ, ನಕಲಿ ನಂಬರ್ ಪ್ಲೇಟ್ ಇಂಥ ನಿಜವಾದ ವಾದಗಳಿಗೆಲ್ಲ ಇದೇ ಜಾಗ. ಇಲ್ಲಿ ಸುಮ್ಮನಿದ್ದರೆ ದಂಡ ಒಂದೂವರೆ ಪಟ್ಟಾಗಿ ಚಾರ್ಜ್ ಸರ್ಟಿಫಿಕೇಟ್ ಬರುತ್ತದೆ. ಅದಕ್ಕೂ 14 ದಿನದಲ್ಲಿ ಹಣ ಬರದಿದ್ದರೆ ಕೌನ್ಸಿಲ್ ಬಾಕಿಯನ್ನು ನಾರ್ತಾಂಪ್ಟನ್‌ನಲ್ಲಿರುವ ಸಂಚಾರ ಜಾರಿ ಕೇಂದ್ರದಲ್ಲಿ ನೋಂದಾಯಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಇದೊಂದೇ ಕೇಂದ್ರ. ಹೆಸರಿಗೆ ಕೌಂಟಿ ನ್ಯಾಯಾಲಯದ ಅಂಗ. ನಡೆಯುವುದು ಬಹುಪಾಲು ಗಣಕೀಕೃತ ಕಾಗದದ ಕೆಲಸ. ನ್ಯಾಯಾಧೀಶರು ಯಾವ ಕಡತವನ್ನೂ ತೆರೆದು ನೋಡಿರುವುದಿಲ್ಲ. ಅಲ್ಲಿಂದ ಹೊರಡುವ ವಸೂಲಿ ಆದೇಶಕ್ಕೆ ಉತ್ತರಿಸಲು 21 ದಿನ. ಆ ಅವಧಿಯೂ ಮುಗಿದರೆ ಕೌನ್ಸಿಲ್ ಜಪ್ತಿ ವಾರಂಟ್ ಪಡೆದು ಖಾಸಗಿ ಬೇಲಿಫ್ ಕಂಪನಿಗೆ ಒಪ್ಪಿಸುತ್ತದೆ. ವಾರಂಟಿನ ಆಯುಸ್ಸು 12 ತಿಂಗಳು.

ಮೊತ್ತ ಹೇಗೆ ಬೆಳೆಯುತ್ತದೆ ಎನ್ನುವುದಕ್ಕೆ ಲಂಡನ್ನಿನ ಹೊರಗಿನ ಒಂದು ಊರಿನಲ್ಲಿ ಬಿದ್ದ 70 ಪೌಂಡ್ ದಂಡವನ್ನು ನೋಡಬಹುದು. ಮೊದಲ ಎರಡು ವಾರದಲ್ಲಿ ಕಟ್ಟಿದ್ದರೆ 35 ಪೌಂಡ್‌ಗೆ ಮುಗಿಯುತ್ತಿತ್ತು. ಚಾರ್ಜ್ ಸರ್ಟಿಫಿಕೇಟ್ ಅದನ್ನು 105ಕ್ಕೆ ಏರಿಸುತ್ತದೆ; ನೋಂದಣಿಗೆ ಸುಮಾರು ಹತ್ತು ಪೌಂಡ್ ಸೇರುತ್ತದೆ. ಬೇಲಿಫರ ಶುಲ್ಕವನ್ನು 2014ರ ನಿಯಮಗಳು ಹಂತ ಹಂತವಾಗಿ ಗೊತ್ತುಪಡಿಸಿದವು: ಪ್ರಕರಣ ಕೈಗೆ ಬಂದು ನೋಟಿಸ್ ಹೊರಡಿಸಿದ್ದಕ್ಕೆ 75, ಮನೆ ಬಾಗಿಲಿಗೆ ಬಂದದ್ದಕ್ಕೆ 235, ವಸ್ತುಗಳನ್ನು ಮಾರಾಟಕ್ಕೆ ಒಯ್ದರೆ ಇನ್ನೂ 110. ಬೇಲಿಫ್ ಒಮ್ಮೆ ಬಾಗಿಲು ತಟ್ಟುವ ಹೊತ್ತಿಗೆ ಒಟ್ಟು 420 ಪೌಂಡ್ ದಾಟಿರುತ್ತದೆ. ಮೂಲ ತಪ್ಪು ಹತ್ತು ನಿಮಿಷ ಹೆಚ್ಚು ಗಾಡಿ ನಿಲ್ಲಿಸಿದ್ದೇ ಆಗಿರಬಹುದು. ಲಂಡನ್ನಿನಲ್ಲಿ ದಂಡವೇ ದೊಡ್ಡದು. ಅಲ್ಲಿನ ದಟ್ಟಣೆ ಶುಲ್ಕ ತಪ್ಪಿಸಿದ್ದಕ್ಕೆ 2022ರಲ್ಲಿ ನಿಗದಿಯಾದ ದಂಡ 180 ಪೌಂಡ್. ಒಬ್ಬರ ಮೇಲೆ ನಾಲ್ಕಾರು ವಾರಂಟ್ ಇದ್ದರೆ, ಒಟ್ಟಿಗೆ ನಡೆಸಲು ಸಾಧ್ಯವಿರುವಾಗ 235ರ ಭೇಟಿ ಶುಲ್ಕವನ್ನು ಒಮ್ಮೆ ಮಾತ್ರ ಹಾಕಬೇಕೆಂಬ ನಿಯಮವೂ ಇದೆ. ಬಾಕಿದಾರರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ.

ಇಷ್ಟೆಲ್ಲ ಕಾಗದ ಹೋದರೂ ಮನುಷ್ಯನಿಗೆ ತಿಳಿಯದಿರುವುದು ಹೇಗೆ? ಉತ್ತರ ಬಹುಮಟ್ಟಿಗೆ ವಿಳಾಸದಲ್ಲಿದೆ. ಕೌನ್ಸಿಲ್ ಹೆಸರು ವಿಳಾಸ ಪಡೆಯುವುದು ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಯಿಂದ. ಆ ದಾಖಲೆ ವಿ5ಸಿ ಎಂಬ ಲಾಗ್‌ಬುಕ್ಕಿನದು. ಮನೆ ಬದಲಾಯಿಸಿದಾಗ ಚಾಲನಾ ಪರವಾನಗಿಯಲ್ಲಿ ಹೊಸ ವಿಳಾಸ ಬರೆಸಿ, ಲಾಗ್‌ಬುಕ್ಕಿನದೂ ತಾನಾಗಿ ಬದಲಾಯಿತೆಂದು ನಂಬಿ ಕೂರುವವರು ಅನೇಕರು. ಅವು ಎರಡು ಬೇರೆ ದಾಖಲೆಗಳು. ಎರಡನ್ನೂ ಬೇರೆಬೇರೆಯಾಗಿ ತಿದ್ದಿಸಬೇಕು. ಓದಿಗೋ ಸಾಫ್ಟ್‌ವೇರ್ ಕೆಲಸಕ್ಕೋ ಹೋಗಿ, ಬಾಡಿಗೆ ಕರಾರು ಮುಗಿದಂತೆಲ್ಲ ಮನೆ ಬದಲಿಸುವ ಕನ್ನಡಿಗ ಕುಟುಂಬಗಳಿಗೆ ಇದು ಮುಖ್ಯವಾದ ಮಾತು. ನೋಟಿಸ್, ಸರ್ಟಿಫಿಕೇಟ್, ಆದೇಶ ಎಲ್ಲವೂ ಹಳೆಯ ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ. ಕೊನೆಗೆ ಬೇಲಿಫ್ ಕಂಪನಿ ಸಾಲದ ದಾಖಲೆಗಳನ್ನು ಜಾಲಾಡಿ ಹೊಸ ಮನೆ ಪತ್ತೆ ಮಾಡುತ್ತದೆ, ಇಲ್ಲವೇ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹೊತ್ತು ಬೀದಿ ಸುತ್ತುವ ಅವರ ವ್ಯಾನಿಗೆ ಗಾಡಿ ಸಿಗುತ್ತದೆ. ಬೆಳಗ್ಗೆ ಎದ್ದಾಗ ಚಕ್ರಕ್ಕೆ ಬೀಗ. ದಂಡದ ಮೊದಲ ಸುದ್ದಿಯೇ ಅದು.

ಇಂಥವರಿಗಾಗಿ ಇರುವ ದಾರಿ ಅವಧಿ ಮೀರಿದ ಅರ್ಜಿ. ನಿಲುಗಡೆಯ ದಂಡಕ್ಕೆ ಟಿಇ7 ಮತ್ತು ಟಿಇ9 ನಮೂನೆಗಳನ್ನು ಜೊತೆಯಾಗಿ ತುಂಬಬೇಕು. ಲಂಡನ್ನಿನ ದಟ್ಟಣೆ ಶುಲ್ಕದಂಥ ದಂಡಗಳಿಗೆ ಪಿಇ2 ಮತ್ತು ಪಿಇ3 ಜೋಡಿ. ಟಿಇ9 ಸಾಕ್ಷಿ ಹೇಳಿಕೆ, ಸಹಿ ಹಾಕಿದರೆ ಸಾಕು. ಪಿಇ3 ಶಾಸನಬದ್ಧ ಘೋಷಣೆ. ವಕೀಲರ ಅಥವಾ ಪ್ರಮಾಣ ಮಾಡಿಸುವ ಅಧಿಕಾರವುಳ್ಳವರ ಮುಂದೆ ಸಹಿ ಮಾಡಬೇಕು. ಯಾವುದಕ್ಕೂ ನ್ಯಾಯಾಲಯದ ಶುಲ್ಕವಿಲ್ಲ. ಇಮೇಲ್‌ನಲ್ಲಿ ನಾರ್ತಾಂಪ್ಟನ್‌ಗೆ ಕಳಿಸಬಹುದು. ಕೇಂದ್ರ ಅರ್ಜಿಯನ್ನು ದಾಖಲಿಸಿಕೊಂಡು ಕೌನ್ಸಿಲ್‌ಗೆ ತಿಳಿಸುತ್ತದೆ. ತೀರ್ಮಾನ ಆಗುವ ತನಕ ಜಪ್ತಿ ನಿಲ್ಲಬೇಕು. ಬೇಲಿಫ್ ಬಾಗಿಲಲ್ಲಿ ನಿಂತಿರುವಾಗ ಈ ತಡೆಯೇ ಎಲ್ಲಕ್ಕಿಂತ ದೊಡ್ಡ ನೆರವು. ಮೊದಲು ಹಣ ಕಟ್ಟಿ, ಆಮೇಲೆ ತಕರಾರು ಮಾಡಿಕೊಳ್ಳಿ ಎಂದು ಬಾಗಿಲಲ್ಲಿ ನಿಂತವರು ಹೇಳುವುದುಂಟು. ಕಾನೂನು ಅಂಥ ಷರತ್ತು ಹಾಕಿಲ್ಲ.

ಟಿಇ9ರಲ್ಲಿ ಹೇಳಬಹುದಾದ ಕಾರಣಗಳು ನಾಲ್ಕೇ. ನೋಟಿಸ್ ತಲುಪಲಿಲ್ಲ; ಅವಧಿಯಲ್ಲಿ ಆಕ್ಷೇಪ ಸಲ್ಲಿಸಿದ್ದರೂ ತಿರಸ್ಕಾರದ ಉತ್ತರ ಬರಲಿಲ್ಲ; ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದ್ದರೂ ಅದಕ್ಕೆ ಉತ್ತರ ಸಿಗಲಿಲ್ಲ; ದಂಡ ಪೂರ್ತಿ ಕಟ್ಟಿದ್ದೇನೆ. ಗಾಡಿ ಮಾರಿದ್ದೆ, ಫಲಕ ಮರದ ಹಿಂದೆ ಇತ್ತು, ತಾಯಿಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದೆ ಎನ್ನುವುದಕ್ಕೆಲ್ಲ ಅಲ್ಲಿ ಚೌಕವಿಲ್ಲ. ಹಾಗೆಂದು ಆ ಮಾತುಗಳು ಸತ್ತುಹೋಗಿಲ್ಲ. ನೋಟಿಸ್ ತಲುಪಲಿಲ್ಲವೆಂಬ ಹೇಳಿಕೆ ಒಪ್ಪಿಗೆಯಾದರೆ ವಸೂಲಿ ಆದೇಶ ಮತ್ತು ಚಾರ್ಜ್ ಸರ್ಟಿಫಿಕೇಟ್ ರದ್ದಾಗುತ್ತವೆ, ವಾರಂಟ್ ಬಿದ್ದುಹೋಗುತ್ತದೆ, ಅದಕ್ಕೆ ಅಂಟಿದ ಬೇಲಿಫ್ ಶುಲ್ಕಕ್ಕೆ ಆಧಾರ ಉಳಿಯುವುದಿಲ್ಲ. ಕೌನ್ಸಿಲ್ ಬೇಕಿದ್ದರೆ ನೋಟಿಸನ್ನು ಹೊಸದಾಗಿ ಕಳಿಸಬಹುದು. ಮಾರಿದ ಗಾಡಿಯ ರಸೀತಿ ಹೊರತೆಗೆಯಬೇಕಾದದ್ದು ಆಗ. ಉಳಿದ ಮೂರು ಕಾರಣಗಳಲ್ಲಿ ಕಡತ ನ್ಯಾಯಮಂಡಳಿಗೆ ಹೋಗುತ್ತದೆ. ದಂಡವೇ ಮನ್ನಾ ಆಯಿತೆಂದು ಎರಡರಲ್ಲಿಯೂ ಅರ್ಥವಲ್ಲ.

ಅರ್ಜಿ ಸೋಲುವುದು ಸಾಮಾನ್ಯವಾಗಿ, ತಡಕ್ಕೆ ಕಾರಣ ಹೇಳುವ ಟಿಇ7ರಲ್ಲಿ. 21 ದಿನದೊಳಗೆ ಬಂದ ಸಾಕ್ಷಿ ಹೇಳಿಕೆಗೆ ಆದೇಶ ತಾನಾಗಿ ರದ್ದಾಗುತ್ತದೆ. ಅವಧಿ ಮೀರಿದ್ದರೆ ಮಾತ್ರ ಕೌನ್ಸಿಲ್‌ಗೆ ವಿರೋಧಿಸುವ ಅವಕಾಶವಿದೆ, ಆಗ ಕೇಂದ್ರದ ಅಧಿಕಾರಿ ತೂಗಿ ನೋಡುವುದು ತಡಕ್ಕೆ ಕೊಟ್ಟ ಕಾರಣವನ್ನು. ಎಷ್ಟೋ ಜನ ಅಲ್ಲಿ ‘ಗೊತ್ತಿರಲಿಲ್ಲ’ ಎಂದು ಒಂದು ಸಾಲು ಬರೆದು, ಶಕ್ತಿಯನ್ನೆಲ್ಲ ದಂಡದ ಅನ್ಯಾಯ ಬಣ್ಣಿಸಲು ಬಳಸುತ್ತಾರೆ. ಬೇಕಾಗಿರುವುದು ದಿನಾಂಕಗಳು: ಹಳೆಯ ಮನೆ ಬಿಟ್ಟದ್ದು ಯಾವಾಗ, ಡಿವಿಎಲ್‌ಎಗೆ ತಿಳಿಸಿದ್ದು ಯಾವಾಗ, ದಂಡದ ವಿಷಯ ಮೊದಲು ತಿಳಿದದ್ದು ಯಾವ ದಿನ, ಯಾರಿಂದ. ಬಾಡಿಗೆ ಕರಾರು, ಕೌನ್ಸಿಲ್ ತೆರಿಗೆ ಬಿಲ್ಲು, ಲಾಗ್‌ಬುಕ್ ಬದಲಾವಣೆಯ ಪ್ರತಿ ಇವನ್ನು ಲಗತ್ತಿಸಬೇಕು. ಲಾಗ್‌ಬುಕ್ ತಿದ್ದಿಸದೇ ಇದ್ದವರ ವಿರುದ್ಧ ಕೌನ್ಸಿಲ್ ಎತ್ತುವ ಮೊದಲ ಆಕ್ಷೇಪವೇ ಅದು. ವಿಳಾಸ ತಿಳಿಸದಿರುವುದಕ್ಕೆ 1,000 ಪೌಂಡ್‌ವರೆಗೆ ಬೇರೆ ದಂಡವೂ ಉಂಟು. ಅಂಥವರು ನಿಜವನ್ನೇ ಬರೆದು, ಬೇಕೆಂದು ತಪ್ಪಿಸಿಕೊಂಡದ್ದಲ್ಲವೆಂದು ತೋರಿಸುವುದು ಲೇಸು. ನೋಟಿಸ್ ಕೈಯಲ್ಲಿದ್ದೂ ಬಂದಿಲ್ಲವೆಂದು ಬರೆಯುವುದು ನ್ಯಾಯಾಲಯಕ್ಕೆ ಸುಳ್ಳು ಹೇಳಿದಂತೆ, ಅದಕ್ಕೆ ಶಿಕ್ಷೆಯಿದೆ. ದಂಡಕ್ಕಿಲ್ಲದ ಜೈಲಿನ ಭಯ ಈ ಸುಳ್ಳಿಗೆ ಇದೆ.

ಅಧಿಕಾರಿ ತಿರಸ್ಕರಿಸಿದರೆ 14 ದಿನದೊಳಗೆ ಎನ್244 ನಮೂನೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಮರುಪರಿಶೀಲನೆ ಕೇಳಬಹುದು. ಇದಕ್ಕೆ ಶುಲ್ಕವಿದೆ; ಅದು ಕೆಲವೊಮ್ಮೆ ಮೂಲ ದಂಡವನ್ನೇ ಮೀರಿಸುತ್ತದೆ. ವರಮಾನ ಕಡಿಮೆ ಇದ್ದವರು ಶುಲ್ಕ ವಿನಾಯಿತಿ ಕೇಳಬಹುದು. ಗಟ್ಟಿ ದಾಖಲೆ ಇಲ್ಲದೆ ಈ ಮೆಟ್ಟಿಲು ಹತ್ತುವುದು ಬಹುಪಾಲು ನಷ್ಟದ ಕೆಲಸ. ಇನ್ನೊಂದು ದಾರಿಯನ್ನು ಜನ ಮರೆಯುತ್ತಾರೆ. ವಾರಂಟನ್ನು ಯಾವಾಗ ಬೇಕಾದರೂ ವಾಪಸು ಕರೆಸಿಕೊಳ್ಳುವ ಅಧಿಕಾರ ಕೌನ್ಸಿಲ್‌ಗೆ ಇದೆ. ‘ಇನ್ನು ಬೇಲಿಫರನ್ನೇ ಕೇಳಿ’ ಎಂದು ಕೌನ್ಸಿಲ್ ಸಿಬ್ಬಂದಿ ಕೈತೊಳೆದುಕೊಳ್ಳುವುದು ಸಾಮಾನ್ಯ; ಆದರೆ ತನ್ನ ಪರವಾಗಿ ಬೇಲಿಫರು ಮಾಡಿದ್ದಕ್ಕೆ ಕೌನ್ಸಿಲ್ ಹೊಣೆ ಎಂಬುದು ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್ ತಳೆದಿರುವ ನಿಲುವು. ಬಾಕಿದಾರ ಮನೆ ಬದಲಿಸಿದ್ದರೆ, ವಾರಂಟನ್ನು ಹೊಸ ವಿಳಾಸಕ್ಕೆ ಮರುಹೊರಡಿಸುವಂತೆ ಕೌನ್ಸಿಲ್ ಕೇಂದ್ರವನ್ನು ಕೋರುವ ಕ್ರಮ ಸಿವಿಲ್ ಕಾರ್ಯವಿಧಾನ ನಿಯಮ 75ರಲ್ಲಿದೆ. ಹಳೆಯ ವಿಳಾಸದ ವಾರಂಟ್ ಹಿಡಿದು ಹೊಸ ಮನೆಗೆ ಬಂದಿದ್ದರೆ ಇದನ್ನು ಲಿಖಿತವಾಗಿ ಕೇಳಬೇಕು.

ಬೇಲಿಫರು ಏನು ಮಾಡಬಹುದು, ಏನು ಮಾಡಬಾರದು ಎನ್ನುವುದನ್ನು 2007ರ ಕಾಯಿದೆ ಹೇಳುತ್ತದೆ. ಅದರ ಈ ಭಾಗ ಜಾರಿಯಾದದ್ದು 2014ರ ಏಪ್ರಿಲ್ 6ರಂದು. ಮೊದಲ ಭೇಟಿಗೆ ಮುನ್ನ ಭಾನುವಾರ ಮತ್ತು ಸಾರ್ವಜನಿಕ ರಜೆ ಬಿಟ್ಟು ಏಳು ಪೂರ್ಣ ದಿನಗಳ ನೋಟಿಸ್ ಕೊಡಬೇಕು. ಮನೆಗೆ ಬರುವುದು ಬೆಳಗ್ಗೆ 6ರಿಂದ ರಾತ್ರಿ 9ರೊಳಗೆ. ಸಂಚಾರ ದಂಡದ ಬಾಕಿಗೆ ಮನೆಯ ಬಾಗಿಲು ಮುರಿದು ಒಳಬರುವ ಹಕ್ಕು ಮೊದಲ ಭೇಟಿಯಲ್ಲಿ ಇಲ್ಲ; ಬಾಗಿಲು ತೆರೆದು ಒಳಗೆ ಬಿಡದಿದ್ದರೆ ಅವರು ಹೊರಗೇ. ಒಳಗೆ ಬಿಟ್ಟು, ವಸ್ತುಗಳ ಪಟ್ಟಿಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕಂತು ತಪ್ಪಿಸಿದರೆ ಮಾತು ಬೇರೆ. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ದರೆ ಒಳಬರುವಂತಿಲ್ಲ. ಆದ್ದರಿಂದ ನಿಜವಾದ ಅಪಾಯ ಬೀದಿಯಲ್ಲಿ ನಿಂತ ಗಾಡಿಗೆ. ಬೀಗ ಹಾಕಿದ ಮೇಲೆ ಎರಡು ಗಂಟೆಯಾದರೂ ಕಾಯದೆ ಅದನ್ನು ಎತ್ತಿಕೊಂಡು ಹೋಗುವಂತಿಲ್ಲ. ಅಂಗವಿಕಲರನ್ನು ಒಯ್ಯಲು ಬಳಸುವ, ನೀಲಿ ಬ್ಯಾಡ್ಜ್ ಇಟ್ಟಿರುವ ವಾಹನವನ್ನು ಮುಟ್ಟುವಂತಿಲ್ಲ. ಹೊಟ್ಟೆಪಾಡಿಗೆ ಅಗತ್ಯವಾದ ವಾಹನ, ಸಲಕರಣೆಗಳಿಗೆ ಒಟ್ಟು 1,350 ಪೌಂಡ್ ಬೆಲೆಯವರೆಗೆ ರಕ್ಷಣೆಯಿದೆ. ಗಾಡಿ ಬೇರೆಯವರದಾದರೆ ಆ ಮಾಲೀಕರು ಏಳು ದಿನದೊಳಗೆ ಲಿಖಿತ ಹಕ್ಕುಸಾಧನೆ ಮಾಡಬೇಕು.

ವೃದ್ಧರು, ಕಾಯಿಲೆಯವರು, ಮಾನಸಿಕ ತೊಂದರೆ ಇರುವವರು, ಇಂಗ್ಲಿಷ್ ಬಾರದವರು ಇಂಥ ಅಸಹಾಯಕರಿಗೆ ಒಂದು ನಿರ್ದಿಷ್ಟ ನಿಯಮವಿದೆ: ವಸ್ತು ಒಯ್ಯುವ ಮುನ್ನ ಸಲಹೆ ಪಡೆಯಲು ತಕ್ಕ ಅವಕಾಶ ಕೊಡದಿದ್ದರೆ ಭೇಟಿಯ ಹಂತದ ಶುಲ್ಕ ವಸೂಲು ಮಾಡುವಂತಿಲ್ಲ. ಮಗನ ಮನೆಗೆ ಬಂದು ತಾವಿಬ್ಬರೇ ಇರುವ ತಂದೆತಾಯಿಯ ಮುಂದೆ ಬೇಲಿಫ್ ಬಂದು ನಿಲ್ಲಬಹುದಾದ್ದರಿಂದ, ಬಾಕಿ ಅವರದಲ್ಲವೆಂದೂ ಬಾಗಿಲು ತೆರೆಯಬೇಕಾಗಿಲ್ಲವೆಂದೂ ಮೊದಲೇ ಹೇಳಿಕೊಟ್ಟಿರುವುದು ಒಳ್ಳೆಯದು.

ಎಲ್ಲ ದಂಡಗಳೂ ಈ ದಾರಿಯಲ್ಲಿ ಬರುವುದಿಲ್ಲ. ಸೂಪರ್‌ಮಾರ್ಕೆಟ್ಟಿನ ಅಂಗಳದಲ್ಲಿ ಖಾಸಗಿ ಕಂಪನಿ ಕೊಡುವ ಚೀಟಿಯೂ ಪಿಸಿಎನ್ ಎಂದೇ ಕರೆಸಿಕೊಳ್ಳುತ್ತದೆ, ಆದರೆ ಅದು ಕರಾರಿನ ಬಾಕಿ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪಾರ್ಕಿಂಗ್‌ಐ ಕಂಪನಿಯ 85 ಪೌಂಡ್ ಚಾರ್ಜನ್ನು ಎತ್ತಿಹಿಡಿಯಿತು. ಇಂಥ ಖಾಸಗಿ ಚೀಟಿಗೆ ಬೇಲಿಫ್ ಬರಬೇಕಾದರೆ ಮೊದಲು ಕೌಂಟಿ ನ್ಯಾಯಾಲಯದ ತೀರ್ಪು ಆಗಿರಬೇಕು, ಆ ತೀರ್ಪನ್ನು ಬದಿಗೆ ಸರಿಸಲು ಬೇರೆ ಅರ್ಜಿ. ವೇಗದ ಮಿತಿ ಮೀರಿದ್ದು ಇಂದಿಗೂ ಅಪರಾಧ. ವಿಚಾರಣೆ ತಿಳಿಯದೆ ಶಿಕ್ಷೆಯಾದವರು, ವಿಷಯ ಗೊತ್ತಾದ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ 1980ರ ಕಾಯಿದೆಯ 14ನೆಯ ಸೆಕ್ಷನ್ನಿನ ಘೋಷಣೆ ಕೊಡಬೇಕು. ಟಿಇ9 ಅಲ್ಲಿ ನಡೆಯದು. ಸ್ಕಾಟ್ಲೆಂಡಿನಲ್ಲಿ ಬೇಲಿಫರ ಬದಲು ಶೆರಿಫ್ ಅಧಿಕಾರಿಗಳಿದ್ದಾರೆ, ಕ್ರಮವೂ ಬೇರೆ.

ಬೇಲಿಫ್ ನಿಯಮ ಮೀರಿದರೆ ಮೊದಲು ಕಂಪನಿಗೂ ಕೌನ್ಸಿಲ್‌ಗೂ, ಆಮೇಲೆ ಓಂಬುಡ್ಸ್‌ಮನ್‌ಗೂ ದೂರು ಕೊಡಬಹುದು. ಅವರ ವೃತ್ತಿಗೆ ಕೌಂಟಿ ನ್ಯಾಯಾಲಯದ ಪ್ರಮಾಣಪತ್ರ ಬೇಕು. ಅದನ್ನು ಪ್ರಶ್ನಿಸುವ ದೂರನ್ನು ನ್ಯಾಯಾಲಯಕ್ಕೇ ಸಲ್ಲಿಸಬಹುದು. 2022ರಲ್ಲಿ ಜಾರಿ ನಡವಳಿಕೆ ಮಂಡಳಿ ಎಂಬ ಮೇಲ್ವಿಚಾರಣಾ ಸಂಸ್ಥೆ ಹುಟ್ಟಿತು. ಕಾಯಿದೆಯ ಬಲವಿಲ್ಲದೆ, ಕಂಪನಿಗಳು ತಾವಾಗಿ ನೋಂದಾಯಿಸಿಕೊಳ್ಳುವ ಏರ್ಪಾಡಿನಲ್ಲಿ ಆರಂಭವಾದ ಸಂಸ್ಥೆ ಅದು.