ಎರವಲು ಪಡೆದ ವಿಳಾಸ

ಜಾಲ ನಿರ್ವಹಣೆಯ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: "ಸಾರ್, ಸ್ವಿಚ್ಚಿನ ಇಂಟರ್‌ಫೇಸಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟರೆ ಅದು ತನ್ನ ಐಪಿ ವಿಳಾಸವನ್ನು ತಾನೇ ಪಡೆದುಕೊಳ್ಳುತ್ತದೆ. ಇದಕ್ಕೂ ಚರಿತ್ರೆ ಇದೆಯೇ?" ಇತಿಹಾಸ ಬೋಧಿಸಿದವನನ್ನು ಕೆಣಕಲು ಇಷ್ಟು ಸಾಕು. ತಿಳಿದಷ್ಟನ್ನು ನಿಮ್ಮೆಲ್ಲರಿಗಾಗಿ ಇಲ್ಲಿ ಬರೆದಿದ್ದೇನೆ.

1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಐಪಿ ನಿಯಮಾವಳಿಯು ವಿಳಾಸವೊಂದಕ್ಕೆ 32 ಬಿಟ್‌ಗಳನ್ನು ಗೊತ್ತುಪಡಿಸಿತು. ಅಂದರೆ ಸುಮಾರು 429 ಕೋಟಿ ವಿಳಾಸಗಳು. ಯಾವ ಸಂಸ್ಥೆಗೆ ಯಾವ ಜಾಲಸಂಖ್ಯೆ ಎಂಬ ಪಟ್ಟಿಯನ್ನು ಅಮೆರಿಕದ ಜಾನ್ ಪೋಸ್ಟೆಲ್ ಕಾಪಾಡಿಕೊಂಡು ಬಂದರು. ಆದರೆ ಸಂಸ್ಥೆಯ ಒಳಗೆ ಪ್ರತಿಯೊಂದು ಯಂತ್ರಕ್ಕೂ ಕೈಯಿಂದಲೇ ಸಂಖ್ಯೆ ಬರೆಯಬೇಕಿತ್ತು. ಹಾಜರಿ ಪುಸ್ತಕದಲ್ಲಿ ಒಂದೇ ಕ್ರಮಸಂಖ್ಯೆ ಇಬ್ಬರಿಗೆ ಬಿದ್ದರೆ ಆಗುವ ಗೊಂದಲ ಅಲ್ಲಿಯೂ ಆಗುತ್ತಿತ್ತು.

ಸ್ವಂತ ಡಿಸ್ಕ್ ಇಲ್ಲದ ಗಣಕಗಳು ಬಂದಾಗ ತೊಡಕು ಹೆಚ್ಚಿತು. ವಿದ್ಯುತ್ ನಿಂತೊಡನೆ ಅವು ತಮ್ಮ ವಿಳಾಸವನ್ನೇ ಮರೆತುಬಿಡುತ್ತಿದ್ದವು. ಅವಕ್ಕಾಗಿ 1984ರ ಜೂನ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು 'ರಾರ್ಪ್' ಎಂಬ ವಿಧಾನವನ್ನು ರೂಪಿಸಿದರು. ಯಂತ್ರವು ತನ್ನ ಈಥರ್ನೆಟ್ ಸಂಖ್ಯೆಯನ್ನು ಹೇಳಿ "ನನ್ನ ವಿಳಾಸವೇನು?" ಎಂದು ಕೂಗುತ್ತಿತ್ತು. ಆ ಕೂಗು ಅದೇ ಬೀದಿಗೆ ಸೀಮಿತ, ರೌಟರ್ ದಾಟುತ್ತಿರಲಿಲ್ಲ. ಹೀಗಾಗಿ ಬೀದಿಗೊಬ್ಬ ಉತ್ತರಿಸುವವನು ಬೇಕಾಗಿತ್ತು.

1985ರ ಸೆಪ್ಟೆಂಬರಿನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ 'ಬೂಟ್‌ಪಿ'ಯನ್ನು ತಂದು ಈ ಕೊರತೆಯನ್ನು ನೀಗಿಸಿದರು. ಬೀದಿಯ ಬಾಗಿಲಿನಲ್ಲಿರುವ ರೌಟರ್ ಆ ಕೂಗನ್ನು ಕೇಳಿ, ಅದರ ಮೇಲೆ ತನ್ನ ಇಂಟರ್‌ಫೇಸಿನ ವಿಳಾಸವನ್ನು ಅಂಚೆಯ ಮುದ್ರೆಯಂತೆ ಒತ್ತಿ, ದೂರದ ಸರ್ವರಿಗೆ ಕಳುಹಿಸುತ್ತದೆ. ಮುದ್ರೆ ನೋಡಿದ ಸರ್ವರಿಗೆ ಕೂಗು ಬಂದ ಬೀದಿ ತಿಳಿಯುತ್ತದೆ. ಇಂದು ದೊಡ್ಡ ಸ್ವಿಚ್ಚುಗಳು ಮಾಡುವ 'ರಿಲೇ' ಕೆಲಸವೂ ಇದೇ. ಆದರೆ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಮಾತ್ರ ಮನುಷ್ಯರೇ ಬರೆದಿಡಬೇಕಿತ್ತು.

ಆ ಪಟ್ಟಿಯಿಂದ ಬಿಡುಗಡೆ ದೊರೆತದ್ದು 1993ರ ಅಕ್ಟೋಬರಿನಲ್ಲಿ. ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರಾಮ್ಸ್ ಬರೆದ ಡಿಎಚ್‌ಸಿಪಿ ನಿಯಮಾವಳಿಯು ವಿಳಾಸವನ್ನು ಅವಧಿಗೆ ಕೊಡುವ ಎರವಲನ್ನಾಗಿ ಮಾಡಿತು. ಗ್ರಂಥಾಲಯದ ಪುಸ್ತಕದಂತೆ ಅವಧಿ ಮುಗಿದರೆ ಹಿಂದಿರುಗಬೇಕು; ಬೇಕಿದ್ದರೆ ನವೀಕರಿಸಿಕೊಳ್ಳಬೇಕು. ಸಾಮಾನ್ಯವಾಗಿ ಅರ್ಧ ಅವಧಿ ಕಳೆದೊಡನೆ ಯಂತ್ರವೇ ನವೀಕರಣ ಕೇಳುತ್ತದೆ. ಹುಡುಕಾಟ, ಕೊಡುಗೆ, ಕೋರಿಕೆ, ಒಪ್ಪಿಗೆ ಎಂಬ ನಾಲ್ಕು ಸಂದೇಶಗಳಲ್ಲಿ ವ್ಯವಹಾರ ಮುಗಿಯುತ್ತದೆ. ಇದರ ಪರಿಷ್ಕೃತ ರೂಪ 1997ರ ಮಾರ್ಚ್‌ನಲ್ಲಿ ಬಂತು.

ನನಗೆ ಹೆಚ್ಚು ಮೆಚ್ಚುಗೆಯಾದ ಅಂಶ ಬೇರೆ. ಡ್ರಾಮ್ಸ್ ಹಳೆಯದನ್ನು ಕೆಡವಲಿಲ್ಲ. ಬೂಟ್‌ಪಿಯ ಸಂದೇಶದ ಅಚ್ಚನ್ನೂ ಅದರ 67 ಮತ್ತು 68ನೇ ಪೋರ್ಟ್‌ಗಳನ್ನೂ ಹಾಗೆಯೇ ಉಳಿಸಿಕೊಂಡರು. ಆದುದರಿಂದ ಆಗಲೇ ನೆಲೆಗೊಂಡಿದ್ದ ರಿಲೇಗಳು ಹೊಸ ಪತ್ರಗಳನ್ನೂ ಹೊತ್ತವು. ಚರಿತ್ರೆಯಲ್ಲಿ ಬಾಳಿಕೆ ಬಂದ ಸುಧಾರಣೆಗಳಲ್ಲಿ ಹಲವು ಹೀಗೆ ಹಳೆಯ ಅಡಿಪಾಯದ ಮೇಲೆಯೇ ಎದ್ದಿವೆ.

ಕೊರತೆಯೂ ಇಲ್ಲದಿಲ್ಲ. ವಿಳಾಸ ಕೇಳುವ ಯಂತ್ರ ಉತ್ತರಿಸಿದವರನ್ನು ನಂಬಿಬಿಡುತ್ತದೆ. ಕಳ್ಳ ಸರ್ವರೊಂದು ಸುಳ್ಳು ದಾರಿ ತೋರಿಸಬಹುದು. ಈ ವ್ಯವಸ್ಥೆ ಭದ್ರವಲ್ಲವೆಂದು 1997ರ ನಿಯಮಾವಳಿ ತಾನೇ ಒಪ್ಪಿಕೊಂಡಿದೆ. ಆದ್ದರಿಂದ ಸರ್ವರಿನ ಉತ್ತರ ಯಾವ ಪೋರ್ಟಿನಿಂದ ಬರಬಹುದು ಎಂಬುದನ್ನು ಕಾಯುವ ಹೊಣೆ ಸ್ವಿಚ್ಚಿನ ಮೇಲೆ ಬಿದ್ದಿದೆ.

ಕೊನೆಗೆ ಆ ವಿದ್ಯಾರ್ಥಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವಿಳಾಸ ಹಂಚುವ ಸರ್ವರ್, ಆ ಬೀದಿಯ ಬಾಗಿಲಾಗಿ ನಿಂತ ಇಂಟರ್‌ಫೇಸ್ ಇವೆರಡಕ್ಕೆ ಇಂದಿಗೂ ಸ್ಥಿರ ವಿಳಾಸವನ್ನೇ ಕೊಡುವುದು ರೂಢಿ. ಉಳಿದವರು ಎರವಲು ಪಡೆಯಬೇಕಾದರೆ ಯಾರಾದರೊಬ್ಬರು ಒಂದೆಡೆ ನೆಲೆ ನಿಂತಿರಲೇಬೇಕಲ್ಲವೆ?