ನೂಲಿನಂತೆ ಸೀರೆ: ಗದಗ ಸೀಮೆಯ ಹತ್ತಿಯ ವಂಶಚರಿತ್ರೆ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿರುವ ಗಾದೆ. ಗದಗ-ಬೆಟಗೇರಿಯಂತಹ ನೇಕಾರರ ಊರಿನಲ್ಲಿ, ಅದಕ್ಕೆ ಹತ್ತಿ ಒದಗಿಸಿದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಎರಿ ಹೊಲಗಳ ನಡುವೆ ಈ ಮಾತು ಕೇವಲ ಉಪಮೆಯಲ್ಲ, ನಿತ್ಯದ ಅನುಭವ. ಇದರ ಜೊತೆಗೆ ‘ಬೀಜದಂತೆ ವೃಕ್ಷ’ ಎಂಬ ಇನ್ನೊಂದು ಮಾತೂ ಜನರ ನಾಲಿಗೆಯಲ್ಲಿದೆ. ಮೊದಲನೆಯದು ಹೋಲಿಕೆಯ ಮೂಲವನ್ನು ತಾಯಿಯಲ್ಲಿ ಕಾಣುತ್ತದೆ. ಎರಡನೆಯದು ಬೀಜದಲ್ಲಿ ಕಾಣುತ್ತದೆ. ಜನಪದ ಕಲ್ಪನೆಯಲ್ಲಿ ಬೀಜವು ತಂದೆ, ಹೊಲವು ತಾಯಿ. ಜೀವಿಗಳ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಎಂಬ ಪ್ರಶ್ನೆಗೆ ಜನಪದರು ಕಂಡುಕೊಂಡ ಎರಡು ಉತ್ತರಗಳಿವು. ಈ ಸೀಮೆಯ ಹತ್ತಿಯ ಸುಮಾರು 180 ವರ್ಷಗಳ ಇತಿಹಾಸವು ಎರಡೂ ಉತ್ತರಗಳನ್ನು ಒರೆಗೆ ಹಚ್ಚಿತು. ಪ್ರತಿಯೊಂದರಲ್ಲೂ ಅರ್ಧ ಸತ್ಯವಿದೆ ಎಂಬುದು ತಿಳಿದುಬರುವ ಹೊತ್ತಿಗೆ, ಬೀಜ ಕಾಯುವ ಅಧಿಕಾರವೇ ಒಕ್ಕಲು ಮನೆಯಿಂದ ಹೊರಗೆ ಹೋಗಿತ್ತು.

ಜನಪದರ ಎರಡು ಲೆಕ್ಕಗಳು

ಸೀಗೆ ಹುಣ್ಣಿಮೆಯಂದು, ಎಳ್ಳಮವಾಸ್ಯೆಯಂದು ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತವೆ. ಬೆಳೆ ಹೊತ್ತ ಭೂಮಿಯು ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಈ ಆಚರಣೆಯ ಹಿಂದಿನ ಭಾವ. ಇಲ್ಲಿ ತಾಯಿ ಎಂದರೆ ಮಣ್ಣು. ಬಿತ್ತಿದ ಕಾಳು ಹೊರಗಿನಿಂದ ಬಂದು ಅವಳಲ್ಲಿ ನೆಲೆಗೊಳ್ಳುತ್ತದೆ.

ಮನುಷ್ಯರ ವಂಶದ ಲೆಕ್ಕವನ್ನು ಇಡುವವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರೂರಿಗೆ ಬಂದು, ಮನೆತನದ ಮೂಲ ಸ್ಥಳ, ಬೆಡಗು, ಪೀಳಿಗೆಗಳನ್ನು ಹೇಳಿ ಧಾನ್ಯ ಪಡೆಯುವುದು ಅವರ ಕುಲವೃತ್ತಿ. ಅವರ ವಂಶಾವಳಿ ತಂದೆಯಿಂದ ಮಗನಿಗೆ ಇಳಿಯುತ್ತದೆ. ಗಾದೆ ತಾಯಿಯ ಕಡೆಯನ್ನು ಹಿಡಿದರೆ ಹೆಳವರ ಲೆಕ್ಕ ತಂದೆಯ ಕಡೆಯನ್ನು ಹಿಡಿಯುತ್ತದೆ. ಬೆಳೆಗಳಿಗೆ ಇಂತಹ ಹೆಳವರಿರಲಿಲ್ಲ. ಅವುಗಳ ವಂಶವನ್ನು ಕಾಯುತ್ತಿದ್ದವರು ಮನೆಯ ಹೆಂಗಸರು. ಜೋಳದ ದುಂಡಗಿನ ತುಂಬು ತೆನೆಯನ್ನು ಆರಿಸಿ ಬೇರೆಯಿಡುವುದು, ಬೀಜದ ಕಾಳಿಗೆ ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ಕಟ್ಟಿಡುವುದು ಅವರ ಕೆಲಸ. ಹತ್ತಿಯ ಕಾಳನ್ನು ಅರಳೆಯಿಂದ ಬಿಡಿಸುತ್ತಿದ್ದವರೂ ಅವರೇ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಕಾಳು ಬೇರ್ಪಡಿಸುವ ಪದ್ಧತಿ ಧಾರವಾಡ ಸೀಮೆಯಲ್ಲಿ ವ್ಯಾಪಕವಾಗಿತ್ತು. ಹೀಗೆ ಬಿಡಿಸಿದ ಕಾಳಿಗೆ ಸಗಣಿ, ಬೂದಿ ಸವರಿ, ಒಂದಕ್ಕೊಂದು ಅಂಟದಂತೆ ಮಾಡಿ ಬಿತ್ತಲಾಗುತ್ತಿತ್ತು. ಅರಳೆ ಮಾರಾಟಕ್ಕೆ ಹೋದರೂ ಕಾಳು ಮನೆಯಲ್ಲಿ ಉಳಿಯುತ್ತಿತ್ತು.

ಕುಮಟಾ ಹತ್ತಿ, ಅಮೆರಿಕನ್ ಹತ್ತಿ

ಈ ಭಾಗದ ಹಳೆಯ ಹತ್ತಿಗೆ ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು. ಬೆಳೆದ ಊರಿನಿಂದ ಬಂದ ಹೆಸರಲ್ಲ ಅದು. ಹಡಗು ಏರಿದ ಬಂದರಿನಿಂದ ಬಂದದ್ದು. ಸಸ್ಯಶಾಸ್ತ್ರದಲ್ಲಿ ಅದು ಗಾಸಿಪಿಯಂ ಹೆರ್ಬೇಷಿಯಂ. ಅದರ ಜೀವಕೋಶದಲ್ಲಿ 26 ವರ್ಣತಂತುಗಳಿವೆ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೇಸಾಯ ಬಲ್ಲವರನ್ನು ಕರೆಸಿತು. ಆ ದಶಕದಲ್ಲಿ ಧಾರವಾಡ ಜಿಲ್ಲೆಯ ಹೊಲಗಳಿಗೆ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಬಂದಿತು. ಭಾರತದ ಬೇರೆ ಹಲವು ಕಡೆ ಸೋತ ಈ ಬೆಳೆ ಧಾರವಾಡ ಸೀಮೆಯಲ್ಲಿ ನೆಲೆಗೊಂಡು ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಪಡೆಯಿತು. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕೊರತೆಯಾದಾಗ ಇದಕ್ಕೆ ಬೇಡಿಕೆ ಏರಿತು. ಇದು ಗಾಸಿಪಿಯಂ ಹಿರ್ಸುಟಂ ಎಂಬ ಪ್ರಭೇದ, ವರ್ಣತಂತುಗಳು 52.

ಹೊಸ ಹತ್ತಿಯು ತನ್ನ ಹುಟ್ಟುಗುಣಗಳಲ್ಲಿ ಒಂದನ್ನು ಕೂಡಲೇ ತೋರಿಸಿತು. ಅದರ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತಿತ್ತು. ಪಾದದಿಂದ ಉರುಳಿಸುವ ಸಲಾಕೆಗೆ ಅದು ಬಗ್ಗಲಿಲ್ಲ. ಗರಗಸದ ಹಲ್ಲುಗಳಿರುವ ಯಂತ್ರಗಳು ಬೇಕಾದವು. ಅವುಗಳ ತಯಾರಿಕೆಗೆ, ದುರಸ್ತಿಗೆ ಸರ್ಕಾರವೇ ಧಾರವಾಡದಲ್ಲಿ ಕಾರ್ಖಾನೆ ನಡೆಸಿತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದ ಮೇಲೆ ಹತ್ತಿ ಅರೆಯುವ, ಗಟ್ಟಿ ಕಟ್ಟುವ ಗಿರಣಿಗಳ ಊರಾಗಿ ಗದಗ ಬೆಳೆಯಿತು. ಹತ್ತು ಊರುಗಳ ಹತ್ತಿ ಒಂದೇ ಯಂತ್ರದ ಬಾಯಿಗೆ ಬೀಳತೊಡಗಿತು; ಹತ್ತು ಊರುಗಳ ಕಾಳು ಒಂದೇ ರಾಶಿಯಾಗಿ ಹೊರಬೀಳತೊಡಗಿತು. ಮುಂದಿನ ವರ್ಷದ ಬಿತ್ತನೆಗೆ ರೈತನು ತಂದದ್ದು ಆ ರಾಶಿಯ ಕಾಳನ್ನು. ಒಂದು ಸಸ್ಯದ ಅನುವಂಶೀಯ ಗುಣವು ಉಪಕರಣವನ್ನು ಬದಲಿಸಿತು, ಉಪಕರಣವು ಬೀಜದ ಒಡೆತನವನ್ನು ಬದಲಿಸಿತು.

ಬೆರಕೆಯ ದೂರು

ಹತ್ತಿಯಲ್ಲಿ ಬೆರಕೆಯಾಗುತ್ತಿದೆ ಎಂಬ ದೂರು 19ನೆಯ ಶತಮಾನದ ಸರ್ಕಾರಿ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸ ತಡೆಯುವ ಕಾಯ್ದೆಯನ್ನೇ ತಂದಿತು. ಆದರೆ ಈ ಸೀಮೆಯ ಆಡಳಿತ ಒಂದೇ ಆಗಿರಲಿಲ್ಲ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಬ್ರಿಟಿಷ್ ಪ್ರಾಂತದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯವಾಗುತ್ತಿರಲಿಲ್ಲ. ಬಂಡಿಯಲ್ಲಿ ಹೋಗುವ ಹತ್ತಿಕಾಳಿಗೆ ಈ ಗಡಿಗಳ ಹಂಗಿರಲಿಲ್ಲ.

‘ಬೆರಕೆ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಹೋಗಿದ್ದವು. ಮೊದಲನೆಯದು ಕಾಳಿನ ಬೆರಕೆ. ಒಂದೇ ಹೊಲದಲ್ಲಿ ಕುಮಟಾ ಗಿಡ, ಅಮೆರಿಕನ್ ಗಿಡ ಪಕ್ಕಪಕ್ಕದಲ್ಲಿ ನಿಲ್ಲುವುದು. ಎರಡನೆಯದು ವಂಶದ ಬೆರಕೆ. ಒಂದು ಗಿಡದ ಪರಾಗ ಇನ್ನೊಂದರ ಹೂವನ್ನು ಸೇರಿ ಹೊಸ ಗುಣದ ಸಂತತಿ ಹುಟ್ಟುವುದು. 26 ವರ್ಣತಂತುಗಳ ಕುಮಟಾ ಹತ್ತಿಗೂ 52 ವರ್ಣತಂತುಗಳ ಅಮೆರಿಕನ್ ಹತ್ತಿಗೂ ಎರಡನೆಯ ಬಗೆಯ ಬೆರಕೆ ಸಹಜವಾಗಿ ಆಗುವುದು ಬಹಳ ಅಪರೂಪ. ಆದರೂ ಹುಟ್ಟುವ ಗಿಡದಲ್ಲಿ 39 ವರ್ಣತಂತುಗಳಿದ್ದು ಅದು ಬಂಜೆಯಾಗುತ್ತದೆ. ಅಂದರೆ ಈ ಎರಡು ಹತ್ತಿಗಳು ಕೂಡಿ ಕೆಟ್ಟದ್ದು ಹೊಲದ ಹೂವಿನಲ್ಲಲ್ಲ. ಗಿರಣಿಯ ರಾಶಿಯಲ್ಲಿ, ವ್ಯಾಪಾರಿಯ ಚೀಲದಲ್ಲಿ. ಆದರೆ ಒಂದೇ ಪ್ರಭೇದದ ಬೇರೆ ಬೇರೆ ಗಿಡಗಳ ನಡುವೆ ಜೇನ್ನೊಣಗಳು ಪರಾಗ ಒಯ್ಯುತ್ತವೆ. ಅಮೆರಿಕನ್ ಹತ್ತಿಯೊಳಗೇ ಇದ್ದ ಹಲವು ಬಗೆಗಳು ಹೀಗೆ ತಮ್ಮತಮ್ಮಲ್ಲಿ ಕೂಡಿದವು. ಈ ನೆಲದ ಮಳೆಗೆ, ರೋಗಕ್ಕೆ ತಡೆದ ಗಿಡಗಳ ಸಂತತಿ ಉಳಿದು ಬಂದಿತು.

ಅರಳೆ ತಾಯಿಯದು, ಒಡಲಿನ ಜೀವ ಇಬ್ಬರದು

ಬಟಾಣಿ ಗಿಡಗಳ ಮೇಲೆ ಗ್ರೆಗರ್ ಮೆಂಡೆಲ್ ನಡೆಸಿದ ಪ್ರಯೋಗಗಳ ಲೇಖನ 1866ರಲ್ಲಿ ಪ್ರಕಟವಾಯಿತು. ವಿಜ್ಞಾನಲೋಕ ಅದನ್ನು ಗುರುತಿಸಿದ್ದು 1900ರಲ್ಲಿ. ಅದಾದ ಎರಡು ದಶಕಗಳಲ್ಲಿ ಆ ವಿಚಾರ ಧಾರವಾಡದ ಹತ್ತಿ ಹೊಲವನ್ನು ತಲುಪಿತು. ಮುಂಬಯಿ ಪ್ರಾಂತದ ಕೃಷಿ ಇಲಾಖೆಯಲ್ಲಿದ್ದ ಜಿ.ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯ ಸುಧಾರಣೆಯನ್ನು ಕುರಿತು 1920ರಲ್ಲಿ, ಹತ್ತಿಯ ಅನುವಂಶೀಯತೆಯನ್ನು ಕುರಿತು 1923ರಲ್ಲಿ ಸಂಶೋಧನ ಪ್ರಬಂಧಗಳನ್ನು ಪ್ರಕಟಿಸಿದರು. ಎರಡನೆಯದು ಹೆರ್ಬೇಷಿಯಂ ಹತ್ತಿಗೂ ಅಂದು ನೆಗ್ಲೆಕ್ಟಂ ಎಂದು ಕರೆಯಲಾಗುತ್ತಿದ್ದ ಇನ್ನೊಂದು ಏಷ್ಯಾದ ಹತ್ತಿಗೂ ಮಾಡಿದ ಸಂಕರದ ಇತಿಹಾಸ.

ಇಂತಹ ಪ್ರಯೋಗಗಳು ತೋರಿಸಿದ ನಿಯಮ ಸರಳವಾದದ್ದು. ಏಷ್ಯಾದ ಹತ್ತಿಗಳಲ್ಲಿ ಹಳದಿ ಹೂವಿನ ಶುದ್ಧ ಗಿಡವನ್ನು ಬಿಳಿ ಹೂವಿನ ಶುದ್ಧ ಗಿಡದೊಡನೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಹಳದಿ. ಬಿಳಿ ಅಳಿದುಹೋಯಿತೆಂದು ತೋರುತ್ತದೆ. ಆ ಹಳದಿ ಗಿಡಗಳ ಸ್ವಂತ ಬೀಜವನ್ನು ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಮೂರು ಪಾಲು ಹಳದಿಗೆ ಒಂದು ಪಾಲು ಬಿಳಿ ಮರಳಿ ಬರುತ್ತದೆ. ಪ್ರತಿ ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ವಂಶವಾಹಿ ಬರುತ್ತದೆ. ಒಂದು ಮೇಲುಗೈಯಾದರೆ ಇನ್ನೊಂದು ಅಡಗಿರುತ್ತದೆ, ಸಾಯುವುದಿಲ್ಲ. ಎಳೆಯ ಉದ್ದ, ಇಳುವರಿಯಂತಹ ಗುಣಗಳು ಹಲವು ವಂಶವಾಹಿಗಳಿಂದಲೂ ಮಣ್ಣು-ಮಳೆಗಳಿಂದಲೂ ರೂಪುಗೊಳ್ಳುವುದರಿಂದ ಅವುಗಳ ಲೆಕ್ಕ ಇಷ್ಟು ನೇರವಲ್ಲ.

ಗಾದೆಯ ದೃಷ್ಟಿಯಿಂದ ಹತ್ತಿಯ ಅಂಗರಚನೆಯಲ್ಲಿ ಒಂದು ಮುಖ್ಯ ಸಂಗತಿಯಿದೆ. ಅರಳೆಯ ಎಳೆಯು ಕಾಳಿನ ಹೊರಸಿಪ್ಪೆಯಿಂದ ಬೆಳೆಯುವ ಕೂದಲು. ಆ ಸಿಪ್ಪೆ ತಾಯಿಗಿಡದ ಅಂಗಾಂಶ. ಪರಾಗ ಎಲ್ಲಿಂದ ಬಂದಿದ್ದರೂ ಈ ವರ್ಷದ ಕಾಯಿಯಲ್ಲಿನ ಎಳೆ ತಾಯಿಯದೇ ಗುಣ ತೋರುತ್ತದೆ. ತಂದೆಯ ಪಾಲು ಕಾಳಿನೊಳಗಿನ ಮೊಳಕೆಯಲ್ಲಿ ಅಡಗಿ ಕುಳಿತು, ಮುಂದಿನ ವರ್ಷ ಆ ಕಾಳಿನಿಂದ ಎದ್ದ ಗಿಡದಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ನೂಲಿನ ಮಟ್ಟಿಗೆ ‘ತಾಯಿಯಂತೆ’ ಎಂಬ ಗಾದೆ ಅಕ್ಷರಶಃ ನಿಜ. ಒಳ್ಳೆಯ ಅರಳೆ ನೋಡಿ ಬೀಜ ಆರಿಸಿದ ಹೆಂಗಸು ಆರಿಸಿದ್ದು ತಾಯಿಯನ್ನು. ತಂದೆ ಅವಳ ಕಣ್ಣಿಗೆ ಬೀಳುವಂತಿರಲಿಲ್ಲ. ಹತ್ತಿಯ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ, ಮನೆಯ ಬೀಜ ಶುದ್ಧವಾಗಿದ್ದಷ್ಟು ಕಾಲ ಆ ಆಯ್ಕೆ ಫಲ ಕೊಟ್ಟಿತು. ಗಿರಣಿಯ ಕಾಳು ಹೊಲಕ್ಕೆ ಬಂದ ಮೇಲೆ ಅದೇ ಆಯ್ಕೆ ಮೋಸಹೋಗತೊಡಗಿತು.

ಲಕ್ಷ್ಮಿಯಿಂದ ವರಲಕ್ಷ್ಮಿಗೆ

ತಳಿಶಾಸ್ತ್ರಜ್ಞರು ಮಾಡಿದ ಮೊದಲ ಕೆಲಸ ಹಳೆಯ ಒಕ್ಕಲುತನದ ಕ್ರಮಕ್ಕೆ ಹತ್ತಿರವಾದದ್ದೇ: ಒಳ್ಳೆಯ ಗಿಡವನ್ನು ಆರಿಸಿ, ಅದರ ಬೀಜವನ್ನು ಬೇರೆಯಾಗಿ ಬೆಳೆಸುವುದು. ಕುಮಟಾ ಹತ್ತಿಯ ಸುಧಾರಣೆಯ ದಾರಿಯಲ್ಲಿ ಜಯವಂತ, ಮುಂದೆ ಜಯಧರ ತಳಿಗಳು ಬಂದವು. ಧಾರವಾಡ-ಅಮೆರಿಕನ್ ಹತ್ತಿಯಿಂದ ಆರಿಸಿದ ತಳಿಗೆ ಊರಿನದೇ ಹೆಸರು ಬಂದಿತು, ‘ಗದಗ-1’. ಅದನ್ನು ಕಾಂಬೋಡಿಯಾ ಮೂಲದ ಹತ್ತಿಯೊಡನೆ ಕೂಡಿಸಿ ಪಡೆದ ತಳಿ ‘ಲಕ್ಷ್ಮಿ’. ಇವೆಲ್ಲ ರೈತನು ಬೀಜ ಇಟ್ಟುಕೊಂಡು ಮತ್ತೆ ಬಿತ್ತಬಹುದಾದ ತಳಿಗಳು.

1972ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ.ಎಚ್. ಕಾತರಕಿಯವರು ಲಕ್ಷ್ಮಿಯನ್ನು ತಾಯಿಯಾಗಿಯೂ ಗಾಸಿಪಿಯಂ ಬಾರ್ಬಡೆನ್ಸ್ ಪ್ರಭೇದದ ಎಸ್‌ಬಿ 289ಇ ಎಂಬ ತಳಿಯನ್ನು ತಂದೆಯಾಗಿಯೂ ಇಟ್ಟು ಪಡೆದ ಸಂಕರ ಹತ್ತಿ ‘ವರಲಕ್ಷ್ಮಿ’. ಎರಡು ಪ್ರಭೇದಗಳ ನಡುವಿನ ಹತ್ತಿಯ ಸಂಕರವೊಂದು ವಾಣಿಜ್ಯ ಬೇಸಾಯಕ್ಕೆ ಬಂದದ್ದು ಜಗತ್ತಿನಲ್ಲಿ ಇದೇ ಮೊದಲು. ಎರಡಕ್ಕೂ 52 ವರ್ಣತಂತುಗಳಿದ್ದುದರಿಂದ ಸಂತತಿ ಬಂಜೆಯಾಗಲಿಲ್ಲ. ಉದ್ದನೆಯ ಎಳೆ, ಹೆಚ್ಚಿನ ಇಳುವರಿ ಎರಡೂ ಕೂಡಿಬಂದವು. ಬೆಳೆಯನ್ನು ಲಕ್ಷ್ಮಿಯೆಂದು ಪೂಜಿಸುವ ಜನರಿಗೆ ಈ ಹೆಸರು ಆತ್ಮೀಯವಾಗಿತ್ತು.

ಆದರೆ ವರಲಕ್ಷ್ಮಿಯ ಮಗಳು ವರಲಕ್ಷ್ಮಿಯಲ್ಲ. ಸಂಕರ ಗಿಡದ ಹೊಲದಲ್ಲಿ ಅರಳೆಯೆಲ್ಲ ಒಂದೇ ಸಮ, ಏಕೆಂದರೆ ತಾಯಿಗಿಡಗಳೆಲ್ಲ ಒಂದೇ ಸಮ. ಅದನ್ನು ನೋಡಿ ಬೀಜ ಕಟ್ಟಿಟ್ಟ ರೈತನಿಗೆ ಕಾಳಿನೊಳಗೆ ಅಜ್ಜ-ಅಜ್ಜಿಯರ ಗುಣಗಳು ಆಗಲೇ ಬೇರ್ಪಟ್ಟಿರುವುದು ತಿಳಿಯುವುದಿಲ್ಲ. ಮರುವರ್ಷ ಉದ್ದ, ಗಿಡ್ಡ, ಬೇಗ ಅರಳುವ, ತಡವಾಗಿ ಅರಳುವ ಗಿಡಗಳು ಒಟ್ಟಿಗೆ ಎದ್ದಾಗ ಮಾತ್ರ ಅದು ಗೊತ್ತಾಗುತ್ತದೆ. ಹೀಗಾಗಿ ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಯಿತು. ಅದನ್ನು ಉತ್ಪಾದಿಸುವ ಹೊಲಗಳಲ್ಲಿ ಸಂಜೆ ಮೊಗ್ಗಿನ ಕೇಸರಗಳನ್ನು ಉಗುರಿನಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಸವರುವ ಕೆಲಸಕ್ಕೆ ಹೆಚ್ಚಾಗಿ ಬಂದವರು ಕೂಲಿಯ ಹೆಂಗಸರು, ಹುಡುಗಿಯರು. ಬೀಜದ ಕೆಲಸ ಹೆಂಗಸರ ಕೈಯಲ್ಲೇ ಉಳಿಯಿತು, ಬೀಜ ಉಳಿಯಲಿಲ್ಲ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯೊಂದನ್ನು ಸೇರಿಸಿದ ಈ ಹತ್ತಿಯೂ ಭಾರತದಲ್ಲಿ ಮುಖ್ಯವಾಗಿ ಸಂಕರ ಬೀಜವಾಗಿಯೇ ಬಂದಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಕ್ಷೇತ್ರದ ಬಹುಪಾಲನ್ನು ಅದು ಆವರಿಸಿತು. ಅನುವಂಶೀಯತೆಯ ನಿಯಮ ಕೀಟಕ್ಕೂ ಅನ್ವಯಿಸುತ್ತದೆ: ವಿಷ ತಡೆದು ಬದುಕಿದ ಹುಳುವಿನ ಸಂತತಿಗೆ ಆ ಶಕ್ತಿ ಇಳಿಯುತ್ತದೆ. ಗುಲಾಬಿ ಕಾಯಿಕೊರಕವು ಮೊದಲ ಬಿಟಿ ವಂಶವಾಹಿಯನ್ನು ಮೀರಿದ ಸಂಗತಿ 2010ರಲ್ಲಿ ಗುಜರಾತಿನಿಂದ ವರದಿಯಾಯಿತು.

ಉಪಸಂಹಾರ

ನ್ಯೂ ಆರ್ಲಿಯನ್ಸ್, ಧಾರವಾಡ-ಅಮೆರಿಕನ್, ಗದಗ-1, ಲಕ್ಷ್ಮಿ, ವರಲಕ್ಷ್ಮಿ ಎಂಬ ಈ ವಂಶಾವಳಿಯನ್ನು ಹೇಳಲು ಹೆಳವರಿಲ್ಲ. ಅದು ಸಂಶೋಧನ ಕೇಂದ್ರದ ದಾಖಲೆಗಳಲ್ಲಿದೆ. ಜನಪದರ ಎರಡು ಉತ್ತರಗಳನ್ನು ಈ ಇತಿಹಾಸ ಸುಳ್ಳಾಗಿಸಲಿಲ್ಲ, ಪೂರ್ಣಗೊಳಿಸಿತು. ಬೀಜವು ಬರೀ ತಂದೆಯಲ್ಲ, ಅದರಲ್ಲಿ ತಾಯಿ-ತಂದೆ ಇಬ್ಬರೂ ಇದ್ದಾರೆ; ಹೊಲವು ಹೆತ್ತ ತಾಯಿಯಲ್ಲ, ಸಾಕುತಾಯಿ. ಅವಳ ಆರೈಕೆಯಿಂದ ಗುಣ ಅರಳುತ್ತದೆ ಅಥವಾ ಮುದುಡುತ್ತದೆ.

ನಷ್ಟವಾದದ್ದು ತಿಳಿವಳಿಕೆಯಲ್ಲ, ಅದನ್ನು ಬಳಸುವ ಅವಕಾಶ. ಬೀಜ ಆರಿಸುವ ಕಣ್ಣು, ಕಾಪಿಡುವ ಕ್ರಮ, ತಳಿಗಳನ್ನು ಗುರುತಿಸುವ ಹೆಸರುಗಳು ವರ್ಷವರ್ಷ ಬಳಸಿದಾಗ ಮಾತ್ರ ಉಳಿಯುವಂಥವು. ಜೋಳ, ಕಡಲೆಯಂತಹ ಬೆಳೆಗಳಲ್ಲಿ ಅವು ಈ ನಾಲ್ಕು ಸ್ಥಳಗಳ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಹತ್ತಿಯಲ್ಲಿ ಹಿರಿಯರ ನೆನಪಿಗೆ ಸರಿದಿವೆ. ತಳಿಸಂಗ್ರಹಾಲಯಗಳು ಕಾಳನ್ನು ಕಾಯುತ್ತವೆ. ಆ ಕಾಳಿನೊಡನೆ ಬೆಳೆದ ಮಾತು, ಆಚರಣೆ, ಆಯ್ಕೆಯ ಕ್ರಮಗಳನ್ನು ದಾಖಲಿಸುವುದು ಜಾನಪದ ಅಧ್ಯಯನದ ಹೊಣೆ. ಚರಗ ಚೆಲ್ಲುವ ಕೈಗೂ ಬೀಜ ಕಟ್ಟಿಡುವ ಕೈಗೂ ಇದ್ದ ನಂಟನ್ನು ಬಲ್ಲವರು ಇರುವಾಗಲೇ ಆ ಕೆಲಸ ನಡೆಯಬೇಕಾಗಿದೆ.